ಜೊತೆಗೊಂದು ಕಲ್ಲು

"ಎಷ್ಟು ಜನ?" ಎಂದು ಪ್ರವಾಸಿಗರ ಹಾಸ್ಟೆಲಿನ ಕೌಂಟರಿನ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಾಗ ಮೇನಕಾ ಒಂದು ಬೆರಳು ಎತ್ತಿ ತೋರಿಸಿದಳು.

ಹುಡುಗಿ ಅವಳ ಬೆನ್ನ ಹಿಂದೆ, ಬಾಗಿಲ ಕಡೆ ನೋಡಲಿಲ್ಲ. ಇನ್ನೂ ಯಾರಾದರೂ ಬರಬೇಕೇ ಎಂದು ಕೇಳಲಿಲ್ಲ. ಪಾಸ್‌ಪೋರ್ಟ್ ನೋಡಿ ಬರೆದುಕೊಂಡು, ಒಂದು ಬೀಗದ ಕೈ, ಒಂದು ತೆಳುವಾದ ಟವೆಲ್ ಕೊಟ್ಟು, ಮಹಡಿಯಲ್ಲಿ ಹೆಂಗಸರ ಕೋಣೆ, ಮೂರನೇ ಮಂಚ ಎಂದಳು. ಅಷ್ಟೇ. ಇಷ್ಟು ಸುಲಭವೆಂದು ನಂಬಲಾಗದೆ ಮೇನಕಾ ಇನ್ನೂ ಒಂದು ಗಳಿಗೆ ಅಲ್ಲೇ ನಿಂತಿದ್ದಳು.

ಅದು ಮಲೇಷ್ಯಾ ದೇಶದ ಪಿನಾಂಗ್ ದ್ವೀಪದ ಜಾರ್ಜ್‌ಟೌನ್ ನಗರ. ಭಾನುವಾರ ಬೆಳಿಗ್ಗೆ. ಮೇನಕಾಗೆ ಇಪ್ಪತ್ತಾರು ವರ್ಷ. ತಮಿಳುನಾಡಿನ ಪೆನ್ನಾಗರಂ ಪಕ್ಕದ ಹಳ್ಳಿಯ ಕನ್ನಡದವಳು. ಸೇಲಂನಲ್ಲಿ ಬೆಳ್ಳಿ ಕಾಲ್ಗೆಜ್ಜೆ ಮಾಡುವ ಪಟ್ಟರೆಯಲ್ಲಿ, ಅಂದರೆ ಸಣ್ಣ ಕಾರ್ಖಾನೆಯಲ್ಲಿ, ಕೆಲಸ. ಸಣ್ಣ ಸಣ್ಣ ಗೆಜ್ಜೆಗಳನ್ನು ಒಂದೊಂದಾಗಿ ಸರಪಳಿಗೆ ಬೆಸುಗೆ ಹಾಕುವುದು, ಸಂಜೆ ಡಬ್ಬಿಗೆ ತುಂಬಿ ವಿಳಾಸದ ಚೀಟಿ ಅಂಟಿಸುವುದು. ಒಂಬತ್ತು ವರ್ಷದಿಂದ ಕೆಲವು ಡಬ್ಬಿಗಳ ಮೇಲೆ ಅವಳು ಒಂದೇ ಊರಿನ ಹೆಸರು ಓದುತ್ತಾ ಬಂದಿದ್ದಳು. ಪಿನಾಂಗ್. ಅವಳು ಬೆಸೆದ ಗೆಜ್ಜೆಗಳು ಸಮುದ್ರ ದಾಟಿ ಅಲ್ಲಿಗೆ ಹೋಗುತ್ತಿದ್ದವು. ಅವನ್ನು ಯಾರೂ ಯಾರ ಜೊತೆ ಹೋಗುತ್ತೀರಿ ಎಂದು ಕೇಳುತ್ತಿರಲಿಲ್ಲ.

ಅವಳನ್ನು ಮಾತ್ರ ಎಲ್ಲರೂ ಕೇಳುತ್ತಿದ್ದರು. ಧರ್ಮಪುರಿಯ ಆಸ್ಪತ್ರೆಗೆ ಹೋದರೂ ಯಾರ ಜೊತೆ, ಸೇಲಂನಲ್ಲಿ ಸಿನಿಮಾಗೆ ಹೋದರೂ ಯಾರ ಜೊತೆ. ಅದಕ್ಕೆ ಅವಳು ಮನೆಯಲ್ಲಿ ಒಂದು ಸುಳ್ಳು ಹೇಳಿ ಬಂದಿದ್ದಳು. ಪಟ್ಟರೆಯ ಹದಿನೆಂಟು ಜನ ಹೆಂಗಸರು ಗುಂಪಾಗಿ ಟೂರ್ ಹೋಗುತ್ತಿದ್ದೇವೆ ಎಂದು. ಅಣ್ಣ ಮುನಿರಾಜು ಲಾರಿ ಡ್ರೈವರ್, ಶಂಕಗಿರಿಯ ಲಾರಿ ಆಫೀಸಿನಿಂದ ಲೋಡ್ ಹಿಡಿದು ನಾಲ್ಕು ರಾಜ್ಯ ಸುತ್ತುವವನು. ಅವಳು ಹೊರಡುವ ಮುಂಚೆಯೇ ಅವನು ಹೇಳಿದ್ದ. "ಗುಂಪು ಅಂದ್ರೆ ಸರಿ. ಒಬ್ಳೇ ಓಗಿದ್ದೀಯ ಅಂತ ಗೊತ್ತಾತು ಅಂದ್ರೆ, ಸೇಲಂ ರೂಮು ಖಾಲಿ, ಕೆಲ್ಸಾನೂ ಖಾಲಿ. ಊರ್ಗೆ ಬಂದು ಕುರಿ ಮೇಯ್ಸ್ತಾ ಇರು. ಅಷ್ಟೇ ಮಾತು."

ಅವನು ಹಾಗೆ ಹೇಳಿದರೆ ಮಾಡುವವನೇ.

ಮೇನಕಾ ಮುಖ ತೊಳೆದು, ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ಇಳಿದಳು. ಅದು ಎಂಟನೇ ತರಗತಿಯಲ್ಲಿ ಸ್ಕೂಲಿನಲ್ಲಿ ಕೊಟ್ಟ ಬ್ಯಾಗು. ಅಪ್ಪ ಅಣ್ಣಯ್ಯಪ್ಪ ತೀರಿಕೊಂಡ ವರ್ಷ ಅವಳು ಸ್ಕೂಲು ಬಿಟ್ಟಳು, ಬ್ಯಾಗು ಬಿಡಲಿಲ್ಲ. ಕಿತ್ತುಹೋದ ಜಿಪ್ಪಿನ ತುದಿಗೆ ಪಟ್ಟರೆಯಲ್ಲಿ ತಾನೇ ಒಂದು ಹಿತ್ತಾಳೆ ಉಂಗುರ ಬೆಸೆದಿದ್ದಳು. ಚೆನ್ನೈ ಏರ್‌ಪೋರ್ಟಿನಲ್ಲಿ ಅದನ್ನು ಮೆಷಿನ್ನಿನೊಳಗೆ ಎರಡು ಸಲ ಕಳಿಸಿದ್ದರು. ಆಮೇಲೆ ಆಫೀಸರಮ್ಮ ಸಣ್ಣಗೆ ನಕ್ಕು, "ಹೋಗಮ್ಮಾ" ಎಂದಿದ್ದಳು. ಯಾಕೆ ನಕ್ಕಳೋ ಮೇನಕಾಗೆ ತಿಳಿಯಲಿಲ್ಲ. ಹಳೇ ಬ್ಯಾಗು ನೋಡಿ ಇರಬೇಕು ಎಂದುಕೊಂಡಿದ್ದಳು.

ಬೀದಿಯಲ್ಲಿ ಅಂಗಡಿಗಳ ಮುಂದೆ ಉದ್ದಕ್ಕೂ ನೆರಳಿನ ಜಗಲಿ. ಜನ ಬಿಸಿಲಿಗೆ ಇಳಿಯದೆ ಒಂದು ಅಂಗಡಿಯ ಜಗಲಿಯಿಂದ ಇನ್ನೊಂದಕ್ಕೆ ನಡೆಯುತ್ತಿದ್ದರು. ಒಂದು ಬಾಗಿಲ ಬುಡದಲ್ಲಿ ಕೆಂಪು ಬಣ್ಣದ ಪುಟ್ಟ ಗುಡಿ, ಮುಂದೆ ಮೂರು ಕಿತ್ತಳೆ ಹಣ್ಣು, ಉರಿಯುವ ಊದುಬತ್ತಿ. ಇನ್ನೊಂದು ಮೂಲೆಯಲ್ಲಿ ತಳ್ಳುಗಾಡಿಯವನು ನೂಡಲ್ಸ್ ಹುರಿಯುತ್ತಿದ್ದ. ಅಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು ಒಬ್ಬಳೇ ಕೂತು, ಫೋನು ನೋಡುತ್ತಾ ನಿಧಾನವಾಗಿ ತಿನ್ನುತ್ತಿದ್ದಳು. ಯಾರೂ ಅವಳನ್ನು ನೋಡುತ್ತಿರಲಿಲ್ಲ. ಮೇನಕಾ ಮಾತ್ರ ನೋಡಿದಳು. ಸೇಲಂನಲ್ಲಿ ಇಷ್ಟು ವರ್ಷದಲ್ಲಿ ತಾನು ಒಂದು ದಿನವೂ ಹೋಟೆಲಿನಲ್ಲಿ ಒಬ್ಬಳೇ ಕೂತು ತಿಂದಿಲ್ಲ, ಪೊಟ್ಟಣ ಕಟ್ಟಿಸಿಕೊಂಡು ರೂಮಿಗೆ ಹೋಗುವುದೇ ಅಭ್ಯಾಸ ಎಂಬುದು ಆಗ ನೆನಪಾಯಿತು. ಪಕ್ಕದ ಮೇಜಿಗೆ ಹೋಗಿ ಕೂತಳು. ಬಟ್ಟಲು ಬಂತು. ಮೊದಲ ತುತ್ತಿಗೆ ಯಾರಾದರೂ ನೋಡುತ್ತಾರಾ ಎಂದು ಸುತ್ತ ನೋಡಿದಳು. ಅರ್ಧ ಬಟ್ಟಲು ಮುಗಿಯುವ ಹೊತ್ತಿಗೆ ಮರೆತೇ ಹೋಯಿತು.

ಫೋನು ಟಿಣ್ ಎಂದಿತು. ಅಣ್ಣನ ಧ್ವನಿ ಸಂದೇಶ.

"ಸೇರ್ದೆಯಾ? ಗುಂಪ್ ಫೋಟೋ ಅನುಪ್ಪು."

ಗುಂಪಿನ ಫೋಟೋ ಕಳಿಸು ಎಂಬುದನ್ನು ಕೇಳಿಕೊಳ್ಳುತ್ತಾ ಅವಳು ಮಾರಿಯಮ್ಮನ ಗುಡಿಯ ಹತ್ತಿರ ಬಂದಳು. ಅಲ್ಲಿ ಅದೃಷ್ಟಕ್ಕೆ ಒಂದು ಟೂರ್ ಬಸ್ಸು ನಿಂತಿತ್ತು. ಕೊಯಮತ್ತೂರಿನ ಕಡೆಯ ಹೆಂಗಸರು, ಎಲ್ಲರೂ ಗೋಪುರದ ಮುಂದೆ ಸಾಲಾಗಿ ನಿಂತಿದ್ದರು. ಮೇನಕಾ ಬದುಕಿನಲ್ಲಿ ಮೊದಲ ಸಲ ಅಂಥ ಧೈರ್ಯ ಮಾಡಿದಳು. ಮೆಲ್ಲಗೆ ಸಾಲಿನ ತುದಿಗೆ ಹೋಗಿ ನಿಂತು, ಕೈ ಚಾಚಿ ಫೋಟೋ ತೆಗೆದುಕೊಂಡಳು. ಅಷ್ಟರಲ್ಲಿ ಗೈಡ್ ತಲೆ ಎಣಿಸುತ್ತಾ ಬಂದ.

"ಇಪ್ಪತ್ತೆರಡು, ಇಪ್ಪತ್ತಮೂರು... ಇಪ್ಪತ್ತನಾಲ್ಕು? ಏನಮ್ಮಾ ಇದು, ರಾತ್ರಿ ರೂಮಿಗೆ ಕಳಿಸಿದಾಗ ಇಪ್ಪತ್ತಮೂರು, ಬೆಳಿಗ್ಗೆ ಒಂದು ಮರಿ ಹಾಕಿಬಿಟ್ಟಿರಾ?" ಎಂದ ತಮಿಳಿನಲ್ಲಿ.

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಮೇನಕಾ ಕಿವಿಯವರೆಗೂ ಕೆಂಪಾಗಿ, ಅಲ್ಲಿಂದ ಓಡಿ, ಮೂರು ಅಂಗಡಿ ದಾಟಿ ಒಂದು ಮೆಟ್ಟಿಲ ಮೇಲೆ ಕೂತಳು. ಫೋನು ತೆರೆದು ನೋಡಿದಳು. ಫೋಟೋ ಮಾತ್ರ ಚೆನ್ನಾಗಿ ಬಂದಿತ್ತು. ಕಳಿಸಿದಳು.

ಕಳಿಸಿದ ಮೇಲೆ ಬಾಯಿ ಕಹಿಯಾಯಿತು. ಅಪ್ಪ ನೆನಪಾದ. ಹೊಗೇನಕಲ್ ಕಡೆಯ ಕಾಡಂಚಿಗೆ ಕುರಿ ಹೊಡೆದುಕೊಂಡು ಒಬ್ಬನೇ ಹೋಗುವ ದಿನ ಅಪ್ಪ ಹಟ್ಟಿಯ ಬೇಲಿ ಬುಡದಿಂದ ಒಂದು ಕಲ್ಲು ಎತ್ತಿ ಟವೆಲಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದ. "ಒಂಟಿ ಓಗ್ಬಾರ್ದು ಮಗಾ. ಜೊತೆಗೊಂದು ಇರ್ಲಿ" ಎನ್ನುತ್ತಿದ್ದ. ಸಂಜೆ ಬಂದವನೇ ಅದನ್ನು ಎತ್ತಿದ ಜಾಗದಲ್ಲೇ ಇಡಬೇಕು. ಪುಟ್ಟ ಮೇನಕಾ ಸಂಜೆ ಬಂದು ಅಪ್ಪ ಎಲ್ಲಿ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಬೇಲಿ ಬುಡ ನೋಡುತ್ತಿದ್ದಳು. ಕಲ್ಲು ಇದ್ದರೆ ಅಪ್ಪ ಬಂದ ಎಂದು ಅರ್ಥ. ಅಪ್ಪನಿಗೆ ಕಲ್ಲು ಸಾಕಾಗಿತ್ತು. ತನಗೆ ಇಪ್ಪತ್ತಮೂರು ಜನ ಗೊತ್ತಿಲ್ಲದ ಹೆಂಗಸರು ಬೇಕಾದರು.

ಅವಳು ಕೂತಿದ್ದ ಮೆಟ್ಟಿಲು ಒಂದು ಬೆಳ್ಳಿ ಅಂಗಡಿಯದು. ಗಾಜಿನ ಹಿಂದೆ ಕಾಲ್ಗೆಜ್ಜೆಗಳು ತೂಗುತ್ತಿದ್ದವು. ಮೇನಕಾ ಎದ್ದು ಒಳಗೆ ಹೋಗಿ ಒಂದನ್ನು ಮುಟ್ಟಿ ನೋಡಿದಳು. ಕೊನೆಯ ಕೊಂಡಿಯ ಬಾಯಿ ಒಳಕ್ಕೆ ತಿರುಗಿತ್ತು. ಸೀರೆಗೆ ಸಿಕ್ಕಿಕೊಳ್ಳದಿರಲಿ ಎಂದು ಅವಳೂ ಹಾಗೇ ತಿರುಗಿಸುತ್ತಿದ್ದಳು.

"ಯಾರ್ ಕೂಡಮ್ಮಾ ವಂದೆ?" ಎಂದು ಕೇಳಿದಳು ಅಂಗಡಿಯ ಒಡತಿ. ಯಾರ ಜೊತೆ ಬಂದೆ ಎಂದು. ಐವತ್ತು ದಾಟಿದ ಹೆಂಗಸು, ಹೆಸರು ತಮಿಳ್‌ಸೆಲ್ವಿ ಎಂದು ಗೋಡೆಯ ಲೈಸೆನ್ಸಿನಲ್ಲಿ ಫೋಟೋ ಸಮೇತ ಇತ್ತು.

ಇಲ್ಲೂ ಅದೇ ಪ್ರಶ್ನೆ. ಮೇನಕಾ ತಲೆ ತಗ್ಗಿಸಿ ತಮಿಳಿನಲ್ಲೇ ಹೇಳಿದಳು. "ಒಬ್ಬಳೇ ಅಕ್ಕಾ. ಇದನ್ನು ಮಾಡುವವಳು ನಾನು. ಸೇಲಂ."

ತಮಿಳ್‌ಸೆಲ್ವಿ ಅವಳ ಹೆಬ್ಬೆರಳಿನ ಸುಟ್ಟ ಕಲೆಗಳನ್ನು ನೋಡಿದಳು. ಆಮೇಲೆ ಒಂದು ಸ್ಟೂಲು ಎಳೆದು ಹಾಕಿ, ಟೀ ತರಿಸಿದಳು. "ಕೇಳಿದ್ದಕ್ಕೆ ಕೋಪ ಮಾಡಿಕೊಳ್ಳಬೇಡಮ್ಮಾ. ನನ್ನ ಮಗಳು ಬಸ್ಸಿನಲ್ಲಿ ಕೌಲಾಲಂಪುರಕ್ಕೆ ಒಬ್ಬಳೇ ಹೋಗಿಬರುತ್ತಾಳೆ. ಸೇರಿದೆ ಅಂತ ಅವಳು ಫೋನು ಮಾಡುವವರೆಗೂ ನನಗೆ ನೀರೂ ಇಳಿಯುವುದಿಲ್ಲ. ಹೋಗಬೇಡ ಅನ್ನುವುದಕ್ಕೂ ಆಗುವುದಿಲ್ಲ. ಏನು ಮಾಡುವುದು? ಕಾಯುತ್ತಾ ಕೂರುತ್ತೇನೆ."

"ಅವಳು ನಿಮಗೆ ನಿಜ ಹೇಳುತ್ತಾಳಾ ಅಕ್ಕಾ?"

"ಹೇಳದಿದ್ದರೆ ಎಲ್ಲಿ ಅಂತ ಕಾಯಲಿ?" ಎಂದಳು ತಮಿಳ್‌ಸೆಲ್ವಿ. ಟೀ ಮುಗಿದ ಮೇಲೆ ದಾರಿ ಹೇಳಿದಳು. "ಹೀಗೇ ನೇರ ಹೋದರೆ ಫೆರಿ. ಆಚೆ ದಡಕ್ಕೆ ಹೋಗಿ ಬಾ, ಗಾಳಿ ಚೆನ್ನಾಗಿರುತ್ತದೆ. ಬ್ಯಾಗನ್ನು ಜನದ ನಡುವೆ ಮುಂದಕ್ಕೆ ಹಾಕಿಕೋ."

ಕಡಲ ಕಟ್ಟೆಯ ಹತ್ತಿರ ಬೆಂಚಿನ ಮೇಲೆ ಕೂತಾಗ ವಿಡಿಯೋ ಕಾಲ್ ಬಂತು. ಅಣ್ಣ ಲಾರಿಯನ್ನು ರಸ್ತೆ ಬದಿ ನಿಲ್ಲಿಸಿ ಮನೆಗೆ ಬಂದಿದ್ದ. ಅವನ ಹಿಂದೆ ಜಗಲಿಯಲ್ಲಿ ಅಮ್ಮ ಮುನಿಲಕ್ಷ್ಮಮ್ಮ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು.

"ಎಲ್ಲಿ ಲೇ, ಗುಂಪು ಎಲ್ಲಿ?"

"ಅಲ್ಲೇ ಅವ್ರೆ ಅಣ್ಣಾ. ಸಾಮಾನು ತಗೊಳ್ತಾ ಅವ್ರೆ."

"ಫೋಟೋ ನೋಡ್ದೆ. ಎಲ್ರ ಕುತ್ಗೇಲೂ ಕಿತ್ಲೆ ಬಣ್ಣದ ಪಟ್ಟಿ ಐತೆ, ಕಾರ್ಡ್ ಐತೆ. ನಿನ್ ಕುತ್ಗೇಲಿ ಎಲ್ಲಿ?" ಚೆಕ್‌ಪೋಸ್ಟಿನವರು ಅವನನ್ನು ಹೇಗೆ ಕೇಳುತ್ತಾರೋ ಹಾಗೇ ಕೇಳಿದ.

"ಬ್ಯಾಗಲ್ಲಿ ಐತೆ."

"ತೆಗ್ದು ತೋರ್ಸು."

ಮೇನಕಾ ಫೋನನ್ನು ಒಂದು ಕೈಯಲ್ಲಿ ಹಿಡಿದು, ಇಲ್ಲದ ಕಾರ್ಡಿಗಾಗಿ ಬ್ಯಾಗಿನಲ್ಲಿ ತಡಕಾಡಿದಳು. ದೊಡ್ಡ ಖಾನೆ ಆಯಿತು, ಚಿಕ್ಕದಾಯಿತು. ಕೊನೆಗೆ ಪಕ್ಕದ ಜೇಬಿಗೆ ಕೈ ಹಾಕಿದಳು. ಅದನ್ನು ಅವಳು ಬಳಸುತ್ತಲೇ ಇರಲಿಲ್ಲ. ಬೆರಳಿಗೆ ಒಂದು ಗಂಟು ಸಿಕ್ಕಿತು. ಹೊರಗೆ ತೆಗೆದಳು. ನೀಲಿ ಮೇಲೆ ಬಿಳಿ ಚುಕ್ಕಿ. ಅಮ್ಮನ ಹಳೇ ಸೀರೆಯ ತುಂಡು. ಬಿಚ್ಚಿದರೆ ಒಳಗೆ ಒಂದು ಕಂದು ಕಲ್ಲು, ಅಡಿಕೆಯಷ್ಟು. ಹಟ್ಟಿಯ ಬೇಲಿ ಬುಡದ ಕಲ್ಲು.

ಅವಳು ಪರದೆ ನೋಡಿದಳು. ಅಮ್ಮ ತಲೆ ಎತ್ತಿರಲಿಲ್ಲ. ಹುಣಸೆಹಣ್ಣು ಕುಟ್ಟುತ್ತಲೇ ಇದ್ದಳು.

ಹದಿನೆಂಟು ಜನರ ಜೊತೆ ಹೋಗುವವಳಿಗೆ ಯಾರೂ ಕಲ್ಲು ಕಟ್ಟಿ ಕಳಿಸುವುದಿಲ್ಲ.

"ಅಣ್ಣಾ," ಎಂದಳು ಮೇನಕಾ. "ಕಾರ್ಡು ಇಲ್ಲ. ಗುಂಪೂ ಇಲ್ಲ. ಅವ್ರು ಯಾರೋ. ನಾನು ಒಬ್ಳೇ ಬಂದಿದೀನಿ."

ಅಣ್ಣ ಫೋನನ್ನು ಮುಖದ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಮುನಿರಾಜು ಸಿಡಿದ. "ನನ್ನ ಏನಂತ ತಿಳ್ಕೊಂಡಿದೀಯ? ನಾಳೆ ಟೀ ಅಂಗಡೀಲಿ ಕುಂತ್ರೆ ಕೇಳೋದು ನನ್ನ! ನೀನು ಅಲ್ಲಿರ್ತೀಯ, ಮಾತು ಕೇಳೋನು ನಾನು. ಏನಾದ್ರೂ ಆದ್ರೆ ಎಂಗ್ ಬರ್ಲಿ ಆ ಊರ್ಗೆ? ನನ್ತಾವ ಪಾಸ್‌ಪೋರ್ಟೇ ಇಲ್ಲ ಲೇ!" ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. "ಆತು. ಬುಧವಾರ ಬಾ. ಸೇಲಂ ಮುಗೀತು."

"ಬಂದಿದ್ದು ತಪ್ಪಲ್ಲ ಅಣ್ಣಾ. ಸುಳ್ಳು ಹೇಳಿದ್ದು ತಪ್ಪು. ಅದ್ಕೆ ಬೈಯಿ."

"ಒಬ್ಳೇ ಎಲ್ಲಿ ಓಗವ್ಳೆ?" ಎಂದಳು ಅಮ್ಮ ಹಿಂದಿನಿಂದ. ಕೈ ಈಗ ನಿಂತಿತ್ತು. "ನಾನು ಜೊತೇಲಿ ಕಳ್ಸಿದೀನಿ."

"ಯಾರ್ನ?"

"ಕಲ್ನ."

"ನಿಂಗ್ ಗೊತ್ತಿತ್ತಾ ಅಮ್ಮಾ?"

"ಹದಿನೆಂಟು ಜನ ಅಂದ್ಳು. ಒಬ್ರ ಹೆಸ್ರೂ ಎರಡು ಸಲ ಹೇಳ್ಲಿಲ್ಲ. ಕಿಟಕಿ ಪಕ್ಕ ಯಾರು ಕೂರೋದು ಅಂತ ಜಗಳ ಇಲ್ಲ, ಯಾರ್ ಗೊರ್ಕೆ ಹೊಡೀತಾರೆ ಅಂತ ಮಾತಿಲ್ಲ. ಗುಂಪಲ್ಲಿ ಓಗೋರು ಹಂಗಿರ್ತಾರಾ?"

"ಕಲ್ಲು ಬಂದು ಕಾಪಾಡ್ತೈತಾ?"

"ನಿನ್ನ ವಂಡೀಲಿ ಮಾದಪ್ಪನ ಫೋಟೋ ಮುಂದೆ ಒಂದು ಐತಲ್ಲ, ಅದನ್ನ ಕೇಳು. ಹನ್ನೊಂದು ವರ್ಷದಿಂದ ಗುಜರಾತ್‌ಗಂಟ ಓಗ್ಬರ್ತಾ ಐತೆ. ಕ್ಲೀನರ್ ಸಿಗ್ಲಿಲ್ಲ ಅಂತ ಒಬ್ನೇ ಲೋಡ್ ಹೊತ್ಕೊಂಡು ಹೊಂಟೆಯಲ್ಲ, ಅವತ್ತು ನಾನು ಯಾರ್ ಜೊತೆ ಅಂತ ಕೇಳಿದ್ನಾ? ರಾತ್ರಿಯೆಲ್ಲ ನಿದ್ದೆ ಇಲ್ದೆ ಕುಂತಿದ್ದೆ. ಬೇಡ ಅಂದ್ನಾ?"

"ನಾನು ಗಂಡ್ಸು ಅಮ್ಮಾ."

"ಕಲ್ಲಿಗೇನು ಗೊತ್ತಾಗ್ತೈತೆ ಅದು?" ಎಂದಳು ಅಮ್ಮ. ಆಮೇಲೆ ಫೋನಿನ ಕಡೆ ಬಾಗಿ, "ಮಗಾ, ಅದನ್ನ ಅಲ್ಲೇ ಬಿಟ್ಟು ಬರ್ಬೇಡ. ಎತ್ತಿದ ಜಾಗಕ್ಕೆ ಇಡ್ಬೇಕು" ಎಂದಳು.

ಪರದೆ ಕಪ್ಪಾಯಿತು. ಮುನಿರಾಜು ಕರೆ ಕತ್ತರಿಸಿದ್ದ.

ಮೇನಕಾ ಕಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ರೂಮು ಹೋಗಬಹುದು, ಪಟ್ಟರೆಯೂ ಹೋಗಬಹುದು. ಅಣ್ಣ ಮಾತು ವಾಪಸ್ ತೆಗೆದುಕೊಂಡಿರಲಿಲ್ಲ. ಭಯ ಇತ್ತು. ಆದರೆ ಬೆಳಿಗ್ಗೆಯಿಂದ ಬೆನ್ನ ಮೇಲಿದ್ದ ಆ ಹದಿನೆಂಟು ಜನ ಇಳಿದುಹೋಗಿದ್ದರು. ಎದ್ದು, ಬ್ಯಾಗನ್ನು ಮುಂದಕ್ಕೆ ಹಾಕಿಕೊಂಡು, ಜನರ ಜೊತೆ ನಡೆದು ಫೆರಿ ಹತ್ತಿದಳು.

ಒಳಗೆ ಉದ್ದ ಸಾಲು ಸೀಟುಗಳು. ಕಿಟಕಿಯ ಪಕ್ಕ ಕೂತು, ಕಲ್ಲನ್ನು ಪಕ್ಕದ ಸೀಟಿನ ಮೇಲೆ ಇಟ್ಟಳು. ದೋಣಿ ಅಲುಗಿತು. ಊರು ಹಿಂದಕ್ಕೆ ಸರಿಯತೊಡಗಿತು.

ಫೋನು ಟಿಣ್ ಎಂದಿತು. ಅಣ್ಣ ಒಂದು ಫೋಟೋ ಕಳಿಸಿದ್ದ. ಲಾರಿಯ ಮುಂದಿನ ಗಾಜು, ಮಾದಪ್ಪನ ಪಟ, ಒಣಗಿದ ಹೂವು, ಪಟದ ಬುಡದಲ್ಲಿ ಎಣ್ಣೆ ಹಿಡಿದು ಕಪ್ಪಾದ ಒಂದು ಕಲ್ಲು. ಕೆಳಗೆ ತಮಿಳು ಅಕ್ಷರದಲ್ಲಿ ಬರೆದಿದ್ದ. ಅವರ ಮನೆಯಲ್ಲಿ ಕನ್ನಡ ಮಾತಾಡುವವರೇ ಎಲ್ಲ, ಬರೆಯುವವರು ಯಾರೂ ಇಲ್ಲ. "ಕತ್ಲಾಗೋಕೆ ಮುಂಚೆ ರೂಮ್ ಸೇರು. ಸೇರಿ ಅಮ್ಮನಿಗೆ ಹೇಳು."

ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. "ಬುಧವಾರ ಸೇಲಂ ಬಸ್‌ಸ್ಟಾಂಡ್‌ಗೆ ಬರ್ತೀನಿ. ನಿನ್ ರೂಮ್‌ಗಂಟ ಬಿಟ್ಟು ಹೊರಡ್ತೀನಿ."

ನಿನ್ ರೂಮ್ ಎಂದು ಬರೆದಿದ್ದ. ಮೇನಕಾ ಅದನ್ನು ಮೂರು ಸಲ ಓದಿದಳು.

ತಲೆಗೆ ಬಟ್ಟೆ ಸುತ್ತಿಕೊಂಡ ಒಬ್ಬ ಮಲಯ್ ಹೆಂಗಸು ತರಕಾರಿ ಚೀಲ ಹಿಡಿದು ಬಂದು, ಖಾಲಿ ಸೀಟನ್ನೂ ಅದರ ಮೇಲಿನ ಕಲ್ಲನ್ನೂ ನೋಡಿ, ಯಾರಾದರೂ ಇದ್ದಾರಾ ಎಂದು ಕೈಸನ್ನೆಯಲ್ಲಿ ಕೇಳಿದಳು.

ಮೇನಕಾ ನಕ್ಕಳು. ಕಲ್ಲನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ಅವಳಿಗೆ ಜಾಗ ಬಿಟ್ಟಳು.