ಬೈರಮ್ಮನ ನೂರು ಹೆಜ್ಜೆ

ಬೈರಮ್ಮನ ಬಲಗಾಲಿಗೆ ಹೆಬ್ಬೆರಳಿರಲಿಲ್ಲ. ಹೆಣದ ಎರಡೂ ಹೆಬ್ಬೆರಳು ಸೇರಿಸಿ ಕಟ್ಟಲು ದಾರ ಹಿಡಿದು ಕೂತ ಈಶ್ವರಮ್ಮ ಕೈ ನಿಲ್ಲಿಸಿ ಸುತ್ತಲಿನ ಹೆಂಗಸರ ಮುಖ ನೋಡಿದಳು. ಹತ್ತು ವರ್ಷ ಸರ್ಕಾರಿ ಶಾಲೆಯ ಬಿಸಿಯೂಟದ ಒಲೆಯ ಮುಂದೆ ಇಬ್ಬರೂ ಜೊತೆಗೆ ಬೆಂದವರು. ಆ ಕಾಲನ್ನು ದಿನಾ ನೋಡಿದವಳು. ಆದರೂ ಏನು ಮಾಡುವುದೆಂದು ಅವಳಿಗೆ ತೋಚಲಿಲ್ಲ. ಪಕ್ಕದ ಬೆರಳಿಗೆ ಕಟ್ಟು ಎಂದು ಯಾರೋ ಅಂದರು. ಕಟ್ಟಿದಳು. ದಾರ ಜಾರಿತು. ಮತ್ತೆ ಕಟ್ಟಿದಳು.

ಬೈರಮ್ಮನ ಕೈಯಲ್ಲಿ ಫುಟ್‌ಬಾಲ್ ಕಲಿತ ಶಿವಗಂಗಾ ನೀರಿನ ಚೊಂಬು ಹಿಡಿದು ನಿಂತಿದ್ದಳು, ಎಡಗೈ ಮುಷ್ಟಿ ಬಿಚ್ಚಿರಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ, ಹೆಣಕ್ಕೆ ಸ್ನಾನ ಮಾಡಿಸುವಾಗ, ಕೊರಳಿನ ಕರಿದಾರ ಕತ್ತರಿಸಿದ ಈಶ್ವರಮ್ಮ ಅದರಲ್ಲಿದ್ದ ಸಣ್ಣ ಕೀಯನ್ನು ಅವಳ ಅಂಗೈಗೆ ಒತ್ತಿ ಬೆರಳು ಮುಚ್ಚಿಸಿದ್ದಳು.

ಆ ಕೀ ಒಳಕೋಣೆಯ ತಗಡಿನ ಪೆಟ್ಟಿಗೆಯದು. ಪೆಟ್ಟಿಗೆಯಲ್ಲಿ ಶಿವಗಂಗಾಳ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಪಾಸ್‌ಪೋರ್ಟ್ ಇದ್ದವು. ಹತ್ತೊಂಬತ್ತು ವರ್ಷದೊಳಗಿನ ಭಾರತ ಫುಟ್‌ಬಾಲ್ ತಂಡದ ಶಿಬಿರಕ್ಕೆ ದೇಶದಿಂದ ನಲವತ್ತು ಹುಡುಗಿಯರನ್ನು ಕರೆದಿದ್ದರು. ಇವಳು ಅವರಲ್ಲಿ ಒಬ್ಬಳು. ದೆಹಲಿಯ ರೈಲು ಸಂಜೆ ಏಳಕ್ಕೆ. ಜಿಗಣಿಯಿಂದ ಸಿಟಿ ಸ್ಟೇಷನ್ನಿಗೆ, ಬೊಮ್ಮನಹಳ್ಳಿಯ ಟ್ರಾಫಿಕ್ಕಿನಲ್ಲಿ, ಮೂರು ಗಂಟೆ ಬೇಕು. ಮೂಲಪ್ರತಿ ತರದವರನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ, ವಯಸ್ಸಿನ ವಿಷಯದಲ್ಲಿ ಅವರು ಯಾರ ಮಾತೂ ಕೇಳುವುದಿಲ್ಲ ಎಂದು ಶಾಲೆಯ ಹಿಂದಿನ ಪಿ.ಟಿ. ಮೇಷ್ಟ್ರು ಪ್ರಸನ್ನ ಸಾರ್ ಎರಡು ಸಲ ಹೇಳಿದ್ದರು. ಇವಳು ಹೋಗದಿದ್ದರೆ ಕಾಯುವ ಪಟ್ಟಿಯಲ್ಲಿದ್ದ ಹುಡುಗಿಗೆ ಅದೇ ದಿನ ಫೋನು ಹೋಗುತ್ತದೆ.

ಈಗ ಹನ್ನೊಂದು ಗಂಟೆ. ಪೆಟ್ಟಿಗೆಯ ಮೇಲೆ ಬೈರಮ್ಮನ ಅಣ್ಣ ಮುನಿಯಣ್ಣನ ಮಗ ಭಾನುಪ್ರಕಾಶ್ ಕೂತಿದ್ದ. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹೋಟೆಲಿನಿಂದ ತರಿಸಿದ ಟೀ ಕುಡಿಯುತ್ತ, ಫೋನು ನೋಡುತ್ತ, ಬೆಳಗಿನಿಂದ ಅವನು ಅಲ್ಲಿಂದ ಎದ್ದಿರಲಿಲ್ಲ.

ಶಿವಗಂಗಾ ಅವನನ್ನು ಬಿಟ್ಟು ಜಗಲಿಯಲ್ಲಿದ್ದ ಮುನಿಯಣ್ಣನ ಹತ್ತಿರ ಹೋದಳು. ಮುದುಕ ಅತ್ತಿರಲಿಲ್ಲ. ಟವೆಲನ್ನು ಮಡಿಸುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಮಡಿಸುತ್ತಿದ್ದ.

"ತಿಥಿ ಆಗೋವರ್ಗೂ ಸತ್ತೋರ ಪೆಟ್ಗೆ ತೆಗ್ಯಂಗಿಲ್ಲ ಕಣಮ್ಮ. ನಮ್ ವಂಶದಾಗೆ ಇಂಗೇ ನಡ್ಕೊಂಡ್ ಬಂದೈತೆ."

"ನನ್ ಕಾಗ್ದ ಅಷ್ಟೇ ತಾತ. ಇವತ್ತೇ ರೈಲು."

"ಅನ್ನೊಂದು ದಿನ ತಡ್ಕೊ. ರೈಲು ದಿನಾ ಓಡ್ತೈತೆ."

ಅವನು ಗದರಿಸಲಿಲ್ಲ. ಅದೇ ಕಷ್ಟವಾಗಿತ್ತು. ಬಾಗಿಲಿನ ಹತ್ತಿರ ನಿಂತಿದ್ದ ಅವಳ ತಾಯಿ ಮಲಕವ್ವ ಮಗಳ ರಟ್ಟೆ ಹಿಡಿದು ಈಚೆಗೆ ಎಳೆದಳು. "ಬಾಡಗಿ ಖೋಲ್ಯಾಗ ಇರೂ ಮಂದಿ ನಾವು. ಇವ್ರ ಊರಾಗ ಜಗಳಾ ತಗೀಬ್ಯಾಡ. ಸುಮ್ಕಿರು."

*

ಬೈರಮ್ಮ ಫುಟ್‌ಬಾಲ್ ಆಡಿದವಳಲ್ಲ. ಜಿಗಣಿಯ ಗ್ರಾನೈಟ್ ಫ್ಯಾಕ್ಟರಿಯೊಂದರಲ್ಲಿ ಕಲ್ಲು ತೊಳೆಯುತ್ತಿದ್ದಳು. ಒಂದು ದಿನ ಕಲ್ಲು ಜಾರಿ ಕಾಲ ಮೇಲೆ ಬಿತ್ತು. ಬೆರಳು ಹೋಯಿತು, ಕೆಲಸವೂ ಹೋಯಿತು. ಗಂಡ ಅದಕ್ಕೂ ಮುಂಚೆಯೇ ಹೋಗಿದ್ದ, ಇನ್ನೊಬ್ಬಳ ಜೊತೆ ಹೊಸೂರಿಗೆ. ಆಮೇಲೆ ಶಾಲೆಯಲ್ಲಿ ಅಡುಗೆ ಕೆಲಸ ಸಿಕ್ಕಿತು.

ಪ್ರಸನ್ನ ಸಾರ್ ಆಗ ಆ ಶಾಲೆಗೆ ಬಂದ ಹೊಸ ಮೇಷ್ಟ್ರು. ಹುಡುಗಿಯರಿಗೆ ಒಂದೇ ಒಂದು ವರ್ಷ ಫುಟ್‌ಬಾಲ್ ಕಲಿಸಿದರು, ಅಷ್ಟರಲ್ಲಿ ವರ್ಗವಾಯಿತು. ಬೈರಮ್ಮ ಪಾತ್ರೆ ಬೆಳಗುತ್ತ ಆ ವರ್ಷವಿಡೀ ನೋಡಿದ್ದಳು. ಚೆಂಡುಗಳು ಹೆಡ್‌ಮಾಸ್ಟರ ಬೀರು ಸೇರಿದ ಎಂಟನೇ ದಿನ ಹೋಗಿ ಒಂದನ್ನು ಕೇಳಿದಳು. ನಿನಗ್ಯಾಕಮ್ಮ ಎಂದು ಅವರು ನಕ್ಕರು. ಆದರೂ ಕೊಟ್ಟರು.

ಶಾಲೆಯ ಅಂಗಳ ಹುಡುಗರ ಕ್ರಿಕೆಟ್ಟಿಗೆ ಹೋಗಿತ್ತು. ಕಾಂಪೌಂಡಿನ ಆಚೆ ಬೈರಮ್ಮನ ಪಾಲಿಗೆ ಬಂದ ಅರ್ಧ ಎಕರೆ ಇತ್ತು. ಎರಡು ಕಡೆ ಫ್ಯಾಕ್ಟರಿ ಎದ್ದ ಮೇಲೆ ಅಲ್ಲಿ ರಾಗಿ ಹಾಕುವುದನ್ನೂ ನಿಲ್ಲಿಸಿದ್ದಳು. ಮೈದಾನ ನೂರು ಮೀಟರ್ ಉದ್ದ ಬೇಕು ಎಂದು ಮೇಷ್ಟ್ರು ಹೇಳಿದ್ದು ನೆನಪಿತ್ತು. ಮೀಟರಿಗೊಂದು ಹೆಜ್ಜೆ ಎಂದು ಹಿಡಿದು, ಕುಂಟುತ್ತ, ನೂರು ಹೆಜ್ಜೆ ಅಳೆದು ಗೂಟ ಹೊಡೆದಳು. ಕುಂಟು ಕಾಲಿನ ಹೆಜ್ಜೆ ಗಿಡ್ಡ. ಮೈದಾನ ಅರವತ್ತು ಮೀಟರೂ ಆಗಲಿಲ್ಲ. ಇದು ಯಾರಿಗೂ ಗೊತ್ತಾಗಲಿಲ್ಲ. ಆರು ವರ್ಷದ ಮೇಲೆ ರಾಜ್ಯ ತಂಡದ ಆಯ್ಕೆಗೆ ಹೋದ ಶಿವಗಂಗಾಳಿಗೆ ಅಲ್ಲಿನ ಗೋಲು ಬೇರೆ ಊರಿನಲ್ಲಿದ್ದಂತೆ ಕಂಡಿತು. ಓಡಿ ಓಡಿ ವಾಂತಿ ಮಾಡಿಕೊಂಡಳು. ಆದರೆ ಮೂವರು ಸುತ್ತ ನಿಂತರೂ ಅವಳ ಕಾಲಿನಿಂದ ಚೆಂಡು ಕೀಳಲು ಯಾರಿಗೂ ಆಗಲಿಲ್ಲ. ಇಕ್ಕಟ್ಟಿನಲ್ಲೇ ಆಡಿ ಬೆಳೆದವಳು.

"ಬೆರಳಲ್ಲಿ ಒದ್ರೆ ಬಾಲು ಎತ್ತಗಾದ್ರೂ ಓಯ್ತದೆ. ಲೇಸು ಕಟ್ಟೋ ಜಾಗದಾಗೆ ಒಡೀರೇ," ಎಂದು ಬೈರಮ್ಮ ಕೂಗುತ್ತಿದ್ದಳು. ಬರಿಗಾಲಿನ ಹುಡುಗಿಯರು ಒಬ್ಬರ ಕಾಲನ್ನೊಬ್ಬರು ನೋಡಿ ನಗುತ್ತಿದ್ದರು. ಲೇಸು ಎಲ್ಲಿದೆ? ಬೈರಮ್ಮ ಸೀರೆ ಎತ್ತಿ ಕಟ್ಟಿ ತಾನೇ ಹೊಡೆದು ತೋರಿಸುತ್ತಿದ್ದಳು. ಬೆರಳಿಲ್ಲದ ಕಾಲಿಗೆ ಬೇರೆ ದಾರಿ ಇರಲಿಲ್ಲ. ಚೆಂಡು ನೇರ ಹೋಗುತ್ತಿತ್ತು. ಆಫ್‌ಸೈಡ್ ಮಾತ್ರ ಅವಳಿಗೆ ಎರಡು ವರ್ಷ ಅರ್ಥವಾಗಲಿಲ್ಲ. ಪ್ರಸನ್ನ ಸಾರಿಗೆ ಫೋನು ಹಚ್ಚಿ, ಅಡುಗೆಕೋಣೆಯ ನೆಲದ ಮೇಲೆ ಲೋಟಗಳನ್ನು ಸಾಲಾಗಿ ಇಟ್ಟು, ಸೌಟು ಗೋಲ್‌ಕೀಪರ್ ಎಂದುಕೊಂಡು ಕಲಿತಳು. ಕ್ರಿಕೆಟ್ಟಿನ ಹುಡುಗರು ಇವರಿಗೆ ಸಾಂಬಾರ್ ಟೀಮ್ ಎಂದು ಹೆಸರಿಟ್ಟರು. ಜಿಲ್ಲಾ ಕಪ್ ಬಂದ ವರ್ಷ ಹಾಗೆ ಕರೆಯುವುದನ್ನು ಬಿಟ್ಟರು.

ಹುಡುಗಿಯರ ಕಾಗದಗಳೆಲ್ಲ ಅವಳ ಪೆಟ್ಟಿಗೆ ಸೇರಿದ್ದು ಅದಾದ ಮೇಲೆ, ಕೂಲಿಗಳ ಶೆಡ್ಡಿಗೆ ಬೆಂಕಿ ಬಿದ್ದಾಗ. ಶಿವಗಂಗಾ ಹುಟ್ಟಿದ್ದು ಹುನಗುಂದದ ಕಡೆಯ ತಮ್ಮೂರಿನ ಮನೆಯಲ್ಲಿ, ದಾಖಲೆ ಇರಲಿಲ್ಲ. ಅವಳ ಅಪ್ಪ ಭರಮಪ್ಪನನ್ನು ಕರೆದುಕೊಂಡು ಬೈರಮ್ಮ ಎರಡು ಸಲ ಹುನಗುಂದದ ಕೋರ್ಟಿಗೆ ಹೋಗಿ ಆ ಪ್ರಮಾಣಪತ್ರ ಮಾಡಿಸಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಅಂಕಿ ಗೊತ್ತಿತ್ತು. ಹದಿನಾರು ಹುಡುಗಿಯರಿಗೆ ಹದಿನಾರು ಪ್ಲಾಸ್ಟಿಕ್ ಕವರು, ಕವರಿನ ಮೇಲೆ ಅವರವರ ಜೆರ್ಸಿಯ ನಂಬರು.

*

ಒಂದು ಗಂಟೆಗೆ ಹೆಣ ಎತ್ತಿದರು. ಗುಂಡಿ ತೋಡಲು ಮುಂಜಾನೆಯೇ ಹೋಗಿದ್ದ ಭರಮಪ್ಪ ದಾರಿಯಲ್ಲಿ ಎದುರಾದ. ಮೊಣಕಾಲಿನವರೆಗೂ ಮಣ್ಣು. ಮಗಳ ಪಕ್ಕ ನಡೆಯುತ್ತ ತಗ್ಗಿದ ದನಿಯಲ್ಲಿ ಹೇಳಿದ: "ಇವ್ರ ಹಿರ್ಯಾರೆಲ್ಲಾ ಹೊಲದ ಬದುವಿನಾಗ ಅದಾರ. ಈಕಿಗಷ್ಟ ಕೆರಿ ದಂಡಿ ಮಶಾಣದಾಗ ತಗಿ ಅಂದ ಭಾನುಪ್ರಕಾಶ. ಯಾಕಂತ ನಾ ಕೇಳ್ಲಿಲ್ಲ."

ಕೇಳುವ ಅಗತ್ಯವಿರಲಿಲ್ಲ. ಹೊಸ ಸಮಾಧಿ ಇರುವ ಜಮೀನನ್ನು ಯಾವ ಫ್ಯಾಕ್ಟರಿಯವನೂ ಕೊಳ್ಳುವುದಿಲ್ಲ.

ಹಿಡಿ ಮಣ್ಣು ಹಾಕುವ ಸರದಿ ಬಂದಾಗ ಶಿವಗಂಗಾ ಬಲಗೈಯಿಂದ ಹಾಕಿದಳು. ಎಡಗೈಯಲ್ಲಿ ಕೀ ಬೆವರಿಗೆ ಒದ್ದೆಯಾಗಿತ್ತು.

*

ನಾಲ್ಕು ತಿಂಗಳ ಹಿಂದೆ, ಆಸ್ಪತ್ರೆಯಿಂದ ಮೊದಲ ಸಲ ಮನೆಗೆ ಬಂದ ವಾರ, ಬೈರಮ್ಮ ಅವಳನ್ನು ಕರೆದು ಛಾಪಾ ಕಾಗದ ಕೊಟ್ಟು, ತಾನು ಹೇಳಿದ್ದನ್ನು ಬರಿ ಅಂದಳು. ತನ್ನ ಪಾಲಿನ ಅರ್ಧ ಎಕರೆ ತಾನು ಸತ್ತ ಮೇಲೆ ಶಾಲೆಗೆ, ಹೆಣ್ಣುಮಕ್ಕಳ ಆಟಕ್ಕೆ. ಶಿವಗಂಗಾ ಬರೆದಳು, ಬೈರಮ್ಮ ಹೆಬ್ಬೆಟ್ಟು ಒತ್ತಿದಳು. ಈಶ್ವರಮ್ಮನೂ ಹೆಡ್‌ಮಾಸ್ಟರ್ ಚನಬಸಪ್ಪನೂ ಸಾಕ್ಷಿ ಹಾಕಿದರು.

"ಒಂದ್ ಜೆರಾಕ್ಸ್ ಮಾಡಿಸ್ಲಾ ಅಕ್ಕ?" ಎಂದಳು ಶಿವಗಂಗಾ.

"ಬ್ಯಾಡ. ಜೆರಾಕ್ಸ್ ಅಂಗ್ಡಿ ಯಾರದು ಏಳು?"

ಜಿಗಣಿ ಸರ್ಕಲ್ಲಿನ ಜೆರಾಕ್ಸ್ ಅಂಗಡಿ ಭಾನುಪ್ರಕಾಶನದು. ಆನೇಕಲ್ಲಿಗೆ ಹೋಗಿ ಮಾಡಿಸಬಹುದಿತ್ತು. ನಾಳೆ ಹೋದರಾಯಿತು ಎಂದು ಇಬ್ಬರೂ ಅಂದುಕೊಂಡರು. ಪ್ರಾಕ್ಟೀಸು, ಪಂದ್ಯ, ಮತ್ತೆ ಆಸ್ಪತ್ರೆ. ಅಷ್ಟರಲ್ಲಿ ಚನಬಸಪ್ಪ ನಿವೃತ್ತರಾಗಿ ಮಗಳ ಊರಿಗೆ ಹೋದರು. ಇದ್ದದ್ದು ಒಂದೇ ಪ್ರತಿ.

*

ಮಶಾಣದಿಂದ ಬಂದವರು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದರು. ಮೂರು ಗಂಟೆ ದಾಟಿತ್ತು. ಬೀದಿಯ ತುದಿಯಲ್ಲಿ ಪ್ರಸನ್ನ ಸಾರ್ ಬೈಕಿನ ಮೇಲೆ ಕೂತೇ ಇದ್ದರು, ಶಿವಗಂಗಾಳ ಬ್ಯಾಗು ಟ್ಯಾಂಕಿನ ಮೇಲಿತ್ತು. ಅವಳು ಒಳಕೋಣೆಗೆ ಹೋದಳು. ಭಾನುಪ್ರಕಾಶ್ ಅವಳಿಗಿಂತ ಮೊದಲೇ ಬಂದು ಪೆಟ್ಟಿಗೆಯ ಮೇಲೆ ಕೂತಿದ್ದ. ಅವನ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಚಟ್ಟದ ಮುಂದಿನ ಬಲತುದಿಗೆ ಹೆಗಲು ಕೊಟ್ಟವನು ಅವನೇ, ಭುಜದಲ್ಲಿ ಬಿದಿರಿನ ಗೀರು ಕೆಂಪಗೆ ಎದ್ದಿತ್ತು.

"ಕೀ ನಿನ್ ಹತ್ರ ಇದೆ ಅಂತ ಬೆಳಗ್ಗೇನೇ ಗೊತ್ತಾಯ್ತು," ಅಂದ. "ಮುಷ್ಟಿ ಬಿಚ್ದೇನೇ ಓಡಾಡ್ತಿದೀಯ."

ಅವಳು ಎಡಗೈಯನ್ನು ಬೆನ್ನ ಹಿಂದೆ ಸರಿಸಿದಳು.

"ಬೀಗ ಒಡ್ಯೋಕೆ ನಂಗೆ ಒಂದ್ ನಿಮಿಷ ಸಾಕು. ಸದ್ದಾದ್ರೆ ಅಪ್ಪ ಇಡೀ ಊರು ಸೇರಿಸ್ತಾನೆ. ನೀನೇ ತೆಗಿ, ನಿನ್ ಕವರ್ ತಗೊಂಡ್ ಹೋಗು. ನಾನೂ ಒಂದ್ ಸಲ ನೋಡ್ಕೊತೀನಿ."

"ಏನ್ ನೋಡ್ತೀಯ ಅಣ್ಣ?"

"ಅತ್ತೆ ನಿನ್ ಕೈಲಿ ಏನೋ ಬರೆಸಿದಾಳೆ ಅಂತ ಆಸ್ಪತ್ರೇಲಿ ಮಂಪರಲ್ಲಿ ಅವಳೇ ಅಂದ್ಳು. ಐದು ತಿಂಗಳು ಅವಳ್ನ ಎತ್ಕೊಂಡ್ ತಿರುಗ್ದೋನು ನಾನು. ಅವಳಿಗೆ ಬೆಡ್‌ಪ್ಯಾನ್ ಇಟ್ಟೋನು ನಾನು. ನೀವೆಲ್ಲ ಆಗ ಪ್ರಾಕ್ಟೀಸಲ್ಲಿ ಇದ್ರಿ."

ಅದು ಸುಳ್ಳಲ್ಲ. ಅವನು ಎದ್ದು ಜಾಗ ಬಿಟ್ಟ. ಅವಳು ಕೂತು ಬೀಗ ತೆಗೆದಳು.

ಒಳಗೆ ಎರಡು ಸೀರೆ, ಜಿಲ್ಲಾ ಕಪ್ ತಂಡದ ಫೋಟೋ, ರಬ್ಬರ್ ಬ್ಯಾಂಡು ಹಾಕಿದ ಕವರುಗಳ ಕಟ್ಟು. ಉಯಿಲು ಎಲ್ಲಿಟ್ಟಿದ್ದಾಳೆಂದು ಶಿವಗಂಗಾಳಿಗೆ ಗೊತ್ತಿರಲಿಲ್ಲ. ಸೀರೆಗಳ ಅಡಿಯಲ್ಲಿರಬಹುದು, ತಾನು ಬೇಗ ಎದ್ದರೆ ಇವನು ಹುಡುಕುವುದರೊಳಗೆ ಈಶ್ವರಮ್ಮನಿಗೆ ಹೇಳಬಹುದು ಎಂದು ಲೆಕ್ಕ ಹಾಕಿದಳು. ತನ್ನ ಹನ್ನೊಂದನೇ ನಂಬರಿನ ಕವರು ಎಳೆದಳು. ಅದು ಬೇರೆಯವಕ್ಕಿಂತ ದಪ್ಪಗಿತ್ತು. ಕೈಗೆ ಬಂದ ಕೂಡಲೇ ಅವಳಿಗೆ ಗೊತ್ತಾಯಿತು.

"ಬಿಚ್ಚಿ ತೋರ್ಸು," ಅಂದ.

ಅವಳು ಬಿಚ್ಚಲಿಲ್ಲ. ಅವನೇ ತೆಗೆದುಕೊಂಡ. ಪಾಸ್‌ಪೋರ್ಟು, ಪ್ರಮಾಣಪತ್ರ, ಶಾಲೆಯ ದಾಖಲೆ, ಎಲ್ಲಕ್ಕಿಂತ ಹಿಂದೆ ನಾಲ್ಕು ಮಡಿಕೆಯ ಛಾಪಾ ಕಾಗದ. ನಿಂತುಕೊಂಡೇ ಓದಿದ. ಎರಡು ಸಲ ಓದಿದ. ಅತ್ತೆಯ ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಾಡಿಸಿದ. ಆಮೇಲೆ ಕಾಗದವನ್ನು ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಕವರನ್ನು ಮುಂದೆ ಚಾಚಿದ.

"ಕೂಗ್ಬೇಕು ಅನ್ಸಿದ್ರೆ ಕೂಗು. ಅಪ್ಪ ಅಲ್ಲೇ ಇದಾನೆ. ಬರ್ತಾನೆ, ಹಿರೀಕ್ರು ಬರ್ತಾರೆ, ಎರಡೂ ಪೆಟ್ಗೆಗೆ ವಾಪಸ್ ಹಾಕ್ಸಿ ಬೀಗ ಹಾಕ್ತಾರೆ. ಹನ್ನೊಂದು ದಿನ."

ಗೋಡೆಯ ಆಚೆ ಮುನಿಯಣ್ಣ ಕೆಮ್ಮುವುದು ಕೇಳುತ್ತಿತ್ತು. ಹಳೇ ಮನುಷ್ಯ. ತಂಗಿಯ ಹೆಬ್ಬೆಟ್ಟು ಕಂಡರೆ ಇಲ್ಲ ಅನ್ನುವವನಲ್ಲ. ಈಶ್ವರಮ್ಮ ಸಾಕ್ಷಿ ನುಡಿಯುತ್ತಾಳೆ. ಒಂದು ಕೂಗು ಸಾಕು. ಶಿವಗಂಗಾ ಬಾಯಿ ತೆರೆದಳು. ಹೊರಗೆ ಬೈಕಿನ ಹಾರ್ನು ಒಂದು ಸಲ ಮೊಳಗಿತು. ಗೋಡೆಯ ಗಡಿಯಾರದಲ್ಲಿ ಮೂರೂ ಮುಕ್ಕಾಲು.

ಅವಳು ಕವರು ತೆಗೆದುಕೊಂಡಳು.

ಭಾನುಪ್ರಕಾಶ್ ಛಾಪಾ ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಿಸಿ ಜೇಬಿಗೆ ಇಟ್ಟುಕೊಂಡ. "ಚೆನ್ನಾಗ್ ಆಡು," ಅಂದ. ಅಣಕದ ದನಿಯಲ್ಲಿ ಅಲ್ಲ.

ಬಾಗಿಲಲ್ಲಿ ಈಶ್ವರಮ್ಮ ನಿಂತಿದ್ದಳು. ಅವಳ ಕಣ್ಣು ಕವರಿನ ಮೇಲಿತ್ತು. ಎಲ್ಲಾ ಸಿಕ್ತೇನೇ ಎಂದು ಕೇಳಿದಳು. ಶಿವಗಂಗಾ ತಲೆಯಾಡಿಸಿದಳು. ಕೀಯನ್ನು ಅವಳ ಕೈಗೆ ಕೊಡಲು ನೋಡಿದಳು, ಅವಳು ಕೈ ಚಾಚಲಿಲ್ಲ. ಕಿಟಕಿಯ ಮೇಲಿಟ್ಟು ಹೊರಟಳು. ತಾಯಿ ಅವಳ ತಲೆ ಸವರಿ ರೊಟ್ಟಿಯ ಗಂಟು ಕೊಟ್ಟಳು.

ಬೈಕು ಶಾಲೆಯ ಹಿಂದಿನ ರಸ್ತೆ ಹಿಡಿಯಿತು. ಸಾವಿನ ದಿನವೆಂದು ಆಟ ಇರಲಿಲ್ಲ. ಆದರೂ ಚಿಕ್ಕ ಹುಡುಗಿಯರು ಮೈದಾನಕ್ಕೆ ಬಂದು ಗೆರೆಯ ಉದ್ದಕ್ಕೂ ಕೂತಿದ್ದರು. ಒಬ್ಬರ ಕಾಲಲ್ಲೂ ಬೂಟಿರಲಿಲ್ಲ. ಚೆಂಡು ನಡುವೆ ಇತ್ತು, ಯಾರೂ ಮುಟ್ಟಿರಲಿಲ್ಲ. ಎಲ್ಲರಿಗಿಂತ ಕಿರಿಯಳಾದ ಲಾವಣ್ಯ ಬೈಕು ಕಂಡು ಓಡಿ ಬಂದಳು.

"ಸಿಕ್ತಾ ಅಕ್ಕ?"

"ಸಿಕ್ತು."

"ನಾಳೆ ಪ್ರಾಕ್ಟೀಸ್ ಎಷ್ಟೊತ್ತಿಗೆ?"

ಶಿವಗಂಗಾ ಕವರನ್ನು ಅಂಗಿಯೊಳಗೆ ತುರುಕಿಕೊಂಡಳು. "ಐದೂವರೆಗೆ," ಅಂದಳು.

ಬೈಕು ಮುಂದೆ ಹೋಯಿತು. ಅವಳು ಹಿಂದಕ್ಕೆ ತಿರುಗಿ ನೋಡಿದಳು. ಲಾವಣ್ಯ ಚೆಂಡಿನ ಹತ್ತಿರ ಹೋಗಿ ನಿಂತು, ಎರಡು ಹೆಜ್ಜೆ ಹಿಂದೆ ಬಂದು, ಇಲ್ಲದ ಲೇಸಿನ ಜಾಗದಲ್ಲಿ ಹೊಡೆದಳು. ಚೆಂಡು ನೇರ ಹೋಯಿತು.

ಉದ್ದ ನೂರು ಹೆಜ್ಜೆ. ಅಗಲ ಐವತ್ತು. ಬಿದಿರಿನ ಕಂಬ ನಾಲ್ಕು. ಹುಡುಗಿಯರು ಹದಿನೈದು.