ಕೆಂಚಿ ಗದ್ದೆಗೆ ಹೋದ ಬೆಳಗು

ಗಂಗಾವತಿಯ ಹತ್ತಿರದ ಆ ಊರಿನಲ್ಲಿ ಹೇಮಾಳ ಮನೆಯೇ ಕೊನೆಯದು. ಹಿತ್ತಲಿಗೆ ಅಂಟಿಕೊಂಡೇ ಭತ್ತದ ಗದ್ದೆ. ಬೆಳಿಗ್ಗೆ ಬಾಗಿಲು ತೆಗೆಯುವುದೇ ತಡ, ಕೆಂಚಿ, ಬೂದ್ಯಾ ಎರಡೂ ಬೆಕ್ಕುಗಳು ಒಂದರ ಬಾಲಕ್ಕೆ ಇನ್ನೊಂದು ಹಾರುತ್ತ ಬದುವಿನಲ್ಲಿ ಮಾಯವಾಗುತ್ತಿದ್ದವು. ಅವು ಮರಳುವವರೆಗೆ ಹೇಮಾಳಿಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ.

"ಕೂಸಿಗೂ ಇಷ್ಟು ಕಾವಲ ಇರಂಗಿಲ್ಲವ್ವ," ಎಂದು ಅತ್ತೆ ಯಮನೂರಮ್ಮ ನಗುತ್ತಿದ್ದಳು. "ಜೋಳಗಿ ಕಟ್ಟಿ ತೂಗು ಇನ್ನ."

ತೆನೆ ಬಲಿಯುವ ಹೊತ್ತಿಗೆ ಇಲಿಗಳ ಕಾಟ ಹೆಚ್ಚಿತು. ಊರವರೆಲ್ಲ ಒಟ್ಟಿಗೇ ಇಲಿ ಕೊಲ್ಲುವ ತುತ್ತಿಡುವುದೆಂದು ಮಾತಾಯಿತು. ಅಂದು ಸಂಜೆ ಗಂಡ ಯಂಕೇಶ ಎಣ್ಣೆ ಕಲಸಿದ ನುಚ್ಚನ್ನು ಬಕೆಟ್ಟಿನಲ್ಲಿ ಒಯ್ದು ಬಿಲದ ಬಾಯಿಗಳಲ್ಲಿ ಇಟ್ಟು ಬಂದ. ಹೇಮಾ ಎರಡೂ ಬೆಕ್ಕುಗಳನ್ನು ಕೋಣೆಗೆ ಹಾಕಿ ಚಿಲಕ ಜಡಿದಳು.

ಅವು ಕಿರುಚಿದವು, ಬಾಗಿಲು ಕೆರೆದವು. ಬೆಳಗಾಗುವಷ್ಟರಲ್ಲಿ ಕೆಂಚಿ ಕಿಟಕಿಯ ಸಂದಿಯಿಂದ ಪರಾರಿ. ಹೇಮಾ ಅಂಗಳದಲ್ಲೇ ನಿಂತು ಕಾದಳು. ಮಧ್ಯಾಹ್ನ ಅದು ಬಾಲ ನೆಟ್ಟಗೆ ಮಾಡಿಕೊಂಡು ಬಂದು ಅವಳ ಸೆರಗಿಗೆ ಜೋತುಬಿತ್ತು. ಮರುದಿನವೂ ಹಾಗೆಯೇ ಹೋಯಿತು, ಹಾಗೆಯೇ ಬಂತು. ತುತ್ತು ಮೂಸಿ ಬಿಟ್ಟಿರಬೇಕು, ಜಾಣೆ, ಎಂದುಕೊಂಡಳು ಹೇಮಾ. ಎರಡು ದಿನಗಳ ಮೇಲೆ ಅವಳ ಎದೆ ಹಗುರಾಯಿತು. ಅದರ ಮುಂದಿನ ಬೆಳಿಗ್ಗೆ ತಾನೇ ಚಿಲಕ ತೆಗೆದಳು.

ಸ್ವಲ್ಪ ಹೊತ್ತಿಗೆ ಯಂಕೇಶ ಸಲಿಕೆ ಹೊತ್ತು ಗದ್ದೆಯಿಂದ ಬಂದ. ಸೋಪು ಹಚ್ಚಿ ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆಯತೊಡಗಿದ.

"ಇಲಿ ಬುಟ್ಟಿಗಟ್ಟಲೆ ಬಿದ್ದಾವ. ಹೂಳಿ ಹೂಳಿ ಸಾಕಾತು. ಇನ್ನೂ ಎಷ್ಟೋ ಒದ್ದಾಡಾಕತ್ತಾವ."

"ಎರಡ ದಿನ ಒಂದೂ ಸತ್ತಿದ್ದಿಲ್ಲಲ್ರಿ?"

"ಹೆಂಗ ಸಾಯತಾವ? ಅದು ಬರೇ ನುಚ್ಚು. ಮೊದಲ ರುಚಿ ಹಚ್ಚಬೇಕು, ನಂಬಿಕಿ ಬರಬೇಕು, ಆಮ್ಯಾಲ ಪಾಷಾಣ. ನಿನ್ನೆ ಸಂಜಿ ಕಲಸಿದ್ವಿ. ನಿನಗ ಗೊತ್ತಿಲ್ಲೇನು?"

"ನನಗ ಯಾರು ಹೇಳ್ಯಾರ್ರಿ?"

"ನೆಲ್ಲು ಬೆಳಿಯೋ ಮನ್ಯಾಗ ಇದನ್ನೂ ಹೇಳಬೇಕೇನ?" ಎಂದವನು ಅವಳ ಮುಖ ನೋಡಿ ಕೈ ತೊಳೆಯುವುದನ್ನು ನಿಲ್ಲಿಸಿದ. "ಬೆಕ್ಕು ಎಲ್ಲ್ಯಾವ?"

ಬೂದ್ಯಾ ಕಟ್ಟಿಗೆಯ ರಾಶಿಯ ಮೇಲೆ ಬಿಸಿಲು ಕಾಯುತ್ತಿತ್ತು. ಅದನ್ನು ಕತ್ತು ಹಿಡಿದೆತ್ತಿ ಅತ್ತೆಯ ಮಡಿಲಿಗೆ ಎಸೆದವಳೇ ಹೇಮಾ ಬರಿಗಾಲಲ್ಲಿ ಗದ್ದೆಗೆ ಓಡಿದಳು.

ಎರಡನೆಯ ಬದುವಿನ ತಿರುವಿನಲ್ಲಿ ಕೆಂಚಿ ಇತ್ತು. ಇಲಿಯೊಂದರ ಜೊತೆ ಆಡುತ್ತಿತ್ತು. ಕಾಲು ಎಳೆಯುತ್ತ, ಕುಡಿದವರಂತೆ ತೂರಾಡುತ್ತ ಇಲಿ ನಾಲ್ಕು ಹೆಜ್ಜೆ ಹೋಗುವುದು, ಕೆಂಚಿ ಹಾರಿ ಅಡ್ಡಗಟ್ಟುವುದು. ಇಷ್ಟು ಸುಲಭದ ಬೇಟೆ ಅದಕ್ಕೆ ಎಂದೂ ಸಿಕ್ಕಿರಲಿಲ್ಲ. ಪಂಜದಿಂದ ಇಲಿಯನ್ನು ಮೇಲಕ್ಕೆ ಚಿಮ್ಮಿಸಿ, ಬಿದ್ದಲ್ಲಿಗೆ ಹೋಗಿ ಹಿಡಿಯುತ್ತಿತ್ತು.

ಮುಂದೆ ಹೋದರೆ ಅದು ಬೇಟೆ ಕಚ್ಚಿಕೊಂಡು ಓಡುತ್ತದೆ. ನಿಂತರೆ ಆಟ ಮುಗಿಸಿ ತಿನ್ನುತ್ತದೆ. ಹೇಮಾ ಉಸಿರು ಬಿಗಿಹಿಡಿದು ಕುಕ್ಕರಗಾಲಲ್ಲಿ ಕುಳಿತಳು.

"ಕೆಂಚಿ, ಬಾ. ಹಾಲು ಕೊಡತೀನಿ ಬಾರ."

ಕೆಂಚಿ ತಲೆ ಎತ್ತಿ ನೋಡಿತು. ಕಿವಿ ನಿಮಿರಿದವು. ಒಂದು ಹೆಜ್ಜೆ ಬಂತು. ಹೇಮಾ ಕೈ ಚಾಚಿದಳು, ಅಷ್ಟರಲ್ಲಿ ಹಿಂದಿನಿಂದ ಯಂಕೇಶ "ಹಿಡಿ ಅದನ್ನ!" ಎಂದು ಕೂಗುತ್ತ ಧಡಧಡ ಓಡಿಬಂದ. ಬೆಕ್ಕು ಬೆಚ್ಚಿ ಇಲಿಯನ್ನು ಕಚ್ಚಿಕೊಂಡು ಭತ್ತದೊಳಗೆ ನುಗ್ಗಿತು.

ಇಬ್ಬರೂ ಕೆಸರಿಗಿಳಿದು ತೆನೆಗಳನ್ನು ಸರಿಸುತ್ತ ಹುಡುಕಿದರು. ಎಲ್ಲೋ ಹತ್ತಿರದಲ್ಲೇ ಎಲುಬು ಮುರಿಯುವ ಸಣ್ಣ ಸದ್ದು ಕೇಳುತ್ತಿತ್ತು. ಯಾವ ಕಡೆಯಿಂದ ಎಂದು ತಿಳಿಯುತ್ತಿರಲಿಲ್ಲ.

ಆಮೇಲೆ ಕೆಂಚಿ ತಾನಾಗಿಯೇ ಹೊರಬಂತು. ಬದುವಿನ ಮೇಲೆ ಕುಳಿತು ಪಂಜ ನೆಕ್ಕಿ ಮುಖ ಒರೆಸಿಕೊಂಡಿತು. ಹೇಮಾ ಎತ್ತಿಕೊಂಡಾಗ ಅದು ಬಿಡಿಸಿಕೊಳ್ಳಲಿಲ್ಲ. ಯಂಕೇಶ ದನದ ಆಸ್ಪತ್ರೆಗೆಂದು ಬೈಕ್ ತರಲು ಓಡಿದ. ಅವಳ ಅಂಗೈಯಡಿ ತುಂಬಿದ ಹೊಟ್ಟೆ ಬೆಚ್ಚಗಿತ್ತು. ಕೆಂಚಿ ಅವಳ ಕತ್ತಿಗೆ ತಲೆ ತಿಕ್ಕುತ್ತ ಗುರುಗುಟ್ಟತೊಡಗಿತು.