ಹಳದಿ ಉರಿ

ಸೋಮಪ್ಪ ಬರ್ನರ್ ತಟ್ಟೆಯನ್ನು ವಾಪಸ್ ತಂದಾಗ ಗಾದೆಮ್ಮನಿಗೆ ಮೊದಲು ಬಂದದ್ದು ಕೋಪ. ಗಂಡ ತೀರಿದ ಮೇಲೆ ಹನ್ನೊಂದು ವರ್ಷದಿಂದ ಕೊಟ್ಟೂರಿನಲ್ಲಿ ಸ್ಟೋವ್ ರಿಪೇರಿ ಅಂಗಡಿ ನಡೆಸುತ್ತಿದ್ದವಳು. ಅವಳ ಕೈಕೆಲಸ ತಿರುಗಿ ಬಂದದ್ದೇ ಇರಲಿಲ್ಲ.

ಸೋಮಪ್ಪ ಹತ್ತಿರದ ತೆಲಿಗಿಯವನು, ಬೆಂಗಳೂರಿನಲ್ಲಿ ಉರಿಯ ಮೇಲೆ ಸಂಶೋಧನೆ ಮಾಡುತ್ತಿದ್ದ. ಅಲ್ಲಿಯ ವರ್ಕ್‌ಶಾಪಿನಲ್ಲಿ ಮೂರು ತಿಂಗಳು ಕಾಯಬೇಕೆಂದು, ಪಿನ್ನಿನಷ್ಟು ಸಣ್ಣ ಮುನ್ನೂರು ತೂತಿನ ಹಿತ್ತಾಳೆ ತಟ್ಟೆಯನ್ನು ಇವಳಿಂದ ಮಾಡಿಸಿಕೊಂಡು ಹೋಗಿದ್ದ.

"ಅಕ್ಕಾ, ಉರಿ ಹಳದಿ ಬರಾಕತ್ತೈತಿ."

"ತೂತು ಓರೆ ಅದಾವೇನು?"

"ಇಲ್ಲಕ್ಕಾ. ಗ್ಯಾಸೇ ಹೊಲಸಿರಬೇಕು. ನಮ್ಮ ಸಾಹೇಬ್ರು ತಟ್ಟೀನೂ ಒಮ್ಮೆ ತೋರಿಸ್ಕೊಂಡು ಬಾ ಅಂದ್ರು. ಲ್ಯಾಬಿನ ಲೇಸರ್ ಯಂತ್ರ ನನ್ನ ಪಾಳಿಗೆ ಇರೂದು ಇನ್ನಾರು ದಿನ ಅಷ್ಟ. ತಪ್ಪಿದ್ರ ವರ್ಷ ಕಾಯಬೇಕು."

"ಹಳದಿ ಆದ್ರ ಏನಾತು? ಅನ್ನ ಬೇಯೂದಿಲ್ಲೇನು?"

ಸೋಮಪ್ಪ ನಕ್ಕ. "ಉರಿಯೊಳಗ ಗ್ಯಾಸು ಸುಟ್ಟು ನೀರಿನ ಆವಿ ಆಗೂದಕ್ಕ ಮೊದಲು ಒಂದು ಅರೆಬರೆ ವಸ್ತು ಹುಟ್ಟತೈತಿ. ಕಣ್ಣು ಮುಚ್ಚಿ ತೆರೆಯೂದ್ರಾಗ ಇರೂದಿಲ್ಲ. ಹಿಡಿದು ಅಳೆಯಾಕ ಆಗೂದಿಲ್ಲ. ಲೇಸರ್ ಬೆಳಕು ಬಿದ್ರ ಒಂಚೂರು ಮಿನುಗತೈತಿ, ಆ ಮಿನುಗನ್ನ ಅಳೀತೀವಿ. ಈ ಹಳದಿಯಾಗ ಅದು ಮುಳುಗಿ ಹೋಗತೈತಿ. ಎಲ್ಲೋ ಉಪ್ಪೋ ಬೂದಿಯೋ ಸೇರೇತಿ."

ಬೂದಿ ಅಂದ ಕೂಡಲೇ ಗಾದೆಮ್ಮ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಹೊಸ ಸ್ಟೋವು ಅಂಗಡಿ ದಾಟುವ ಮೊದಲು ಬರ್ನರಿಗೆ ನೆನೆಸಿದ ವಿಭೂತಿ ಎಳೆಯುವುದು ಅತ್ತೆಯ ಕಾಲದ ಪದ್ಧತಿ. ತಟ್ಟೆಗೂ ಎಳೆದಿದ್ದಳು. ಆಮೇಲೆ ಚಂದ ಕಾಣಲೆಂದು ಒದ್ದೆ ಬಟ್ಟೆಯಲ್ಲಿ ಒರೆಸುವಾಗ, ತಿಳಿಯದೆ ಅದನ್ನು ತೂತಿನೊಳಗೇ ತುಂಬಿದ್ದಳು.

ಹೇಳದಿದ್ದರೂ ನಡೆಯುತ್ತಿತ್ತು. ಹುಡುಗ ಗ್ಯಾಸನ್ನೇ ಬೈಯುತ್ತಿದ್ದ. ಮೇಲಾಗಿ ಪಕ್ಕದ ಬ್ಯಾಟರಿ ಅಂಗಡಿಯ ಎರ್ರೆಪ್ಪ ಅಲ್ಲೇ ಕೂತಿದ್ದ. ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಹರಪನಹಳ್ಳಿ ಮುಟ್ಟುತ್ತಿತ್ತು.

"ತಪ್ಪು ಗ್ಯಾಸಿಂದಲ್ಲಪ್ಪ," ಅಂದಳು. "ವಿಭೂತಿ ಹಚ್ಚಿದಾಕಿ ನಾನು."

ಎರ್ರೆಪ್ಪ ತೊಡೆ ತಟ್ಟಿ ನಕ್ಕ. "ಲೇಸರಿಗೂ ಪೂಜಿ ಮಾಡಿಬಿಟ್ಯೇನವಾ!"

"ಹಲ್ಲು ಕಿಸಿಯೂದು ಸಾಕು. ನೀ ಬ್ಯಾಟರಿಗೆ ಹಾಕೂ ಡಿಸ್ಟಿಲ್ ನೀರು ಒಂದು ಕ್ಯಾನ್ ತಾ. ನಮ್ಮ ಬೋರಿನ ನೀರೆಲ್ಲ ಉಪ್ಪು."

ತಟ್ಟೆಯನ್ನು ಆ ನೀರಿನಲ್ಲಿ ಕುದಿಸಿದಳು, ಒಂದೊಂದೇ ತೂತಿಗೆ ಪಿನ್ನು ಹಾಕಿದಳು, ನೀರು ಬದಲಿಸಿ ಮತ್ತೆ ಕುದಿಸಿದಳು. ಸೋಮಪ್ಪ ಕೈ ಚಾಚಿದರೆ, "ಮುಟ್ಟಬ್ಯಾಡ, ಬೆವರೂ ಉಪ್ಪ ಐತಿ," ಅಂತ ಗದರಿದಳು. ಎದುರಿನ ಖಾನಾವಳಿಯ ಗ್ಯಾಸಿಗೆ ಜೋಡಿಸಿ ಹಚ್ಚಿದರೆ ಅಂಚಿನಲ್ಲಿ ಇನ್ನೂ ಹಳದಿ. ಮತ್ತೆ ಕುದಿಸಿದಳು. ನಾಲ್ಕನೇ ಸಲಕ್ಕೆ ಉರಿ ಅಂಚಿನಿಂದ ಅಂಚಿಗೆ ನೀಲಿಯಾಗಿ ನಿಂತಿತು. ಸೋಮಪ್ಪ ತಟ್ಟೆಯನ್ನು ಚಿಮಟದಲ್ಲೇ ಎತ್ತಿ ಡಬ್ಬಿಗಿಟ್ಟುಕೊಂಡು ಐದರ ಬಸ್ಸು ಹಿಡಿದ.

ಹದಿನೈದು ದಿನಕ್ಕೆ ಸೋಮಪ್ಪನ ಕಾರ್ಡು ಬಂತು. ಎರ್ರೆಪ್ಪ ಓದಿದ. ಉರಿಯ ಒಂಬತ್ತು ಎತ್ತರಗಳಲ್ಲಿ ಆ ಮಿನುಗನ್ನು ಅಳೆಯಬೇಕಿತ್ತು, ಐದು ಸಿಕ್ಕವು, ಅಷ್ಟರಲ್ಲಿ ಪಾಳಿ ಮುಗಿಯಿತು ಎಂದಿತ್ತು.

"ಉಳಿದ ನಾಕು?"

"ಮುಂದಿನ ವರ್ಷ ಅಂತ ಬರದಾನ."

"ಅಷ್ಟೊತ್ತಿಗೆ ತಟ್ಟಿ ಸವೀತೈತಿ," ಅಂದಳು ಗಾದೆಮ್ಮ. ಹೊಸ ಹಿತ್ತಾಳೆ ತಗಡನ್ನು ಹುಡುಕಲು ಎದ್ದಳು.